ಒಂಬತ್ತು ನೆರೆಯವರ ಹರಳು

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದ ತಪ್ಪಿಗೆ ನನ್ನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಸ್ವಿಟ್ಜರ್ಲೆಂಡಿಗೆ ಬಂದು ಆಗಿನ್ನೂ ಎಂಟು ದಿನ. ಚೀಟಿಯಲ್ಲಿದ್ದ ಜರ್ಮನ್ ನನಗೆ ಅರ್ಥವಾಗಲಿಲ್ಲ. ಅದರ ಕೆಳಗೆ ಎಳೆದಿದ್ದ ಮೂರು ಕೆಂಪು ಗೆರೆ ಚೆನ್ನಾಗಿಯೇ ಅರ್ಥವಾಯಿತು. ಇಲ್ಲಿ ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ. ಅದಕ್ಕೆ ವಾಷ್‌ಕ್ಯೂಖೆ ಎನ್ನುತ್ತಾರೆ. ಪದ ಬಿಡಿಸಿದರೆ ‘ಒಗೆಯುವ ಅಡುಗೆಮನೆ’. ಯಾವ ಮನೆಗೆ ಯಾವ ದಿನ ಎಂದು ಪಟ್ಟಿ ಇರುತ್ತದೆ, ಬೀಗದ ಕೈ ಮನೆಯಿಂದ ಮನೆಗೆ ದಾಟುತ್ತದೆ, ಭಾನುವಾರ ಯಾರೂ ಯಂತ್ರ ಮುಟ್ಟುವಂತಿಲ್ಲ. ನನ್ನ ಪಾಲಿಗೆ ಬಂದದ್ದು ಹದಿನೈದು ದಿನಕ್ಕೊಂದು ಮಂಗಳವಾರ.

ನಾನು ಕಡೂರು ತಾಲ್ಲೂಕಿನ ಪಂಚನಹಳ್ಳಿಯವಳು. ನಮ್ಮಲ್ಲಿ ಬಟ್ಟೆ ಒಗೆಯುವುದು, ತೊಟ್ಟಿ ತುಂಬುವುದು, ತೆಂಗಿಗೆ ನೀರು ಬಿಡುವುದು ಎಲ್ಲವೂ ತ್ರೀ ಫೇಸ್ ಕರೆಂಟು ಬಂದಾಗ. ಕರೆಂಟು ಬಂದಿರುವಾಗ ಇವತ್ತು ಭಾನುವಾರ ಎಂದು ಸುಮ್ಮನೆ ಕೂತ ಹೆಂಗಸನ್ನು ನಾನಂತೂ ಕಂಡಿಲ್ಲ. ಅಪ್ಪನದು ಬಸ್ ನಿಲ್ದಾಣದ ಹತ್ತಿರ ಮೋಟರ್ ರೀವೈಂಡಿಂಗ್ ಅಂಗಡಿ. ಕೊಳವೆಬಾವಿಯ ಸುಟ್ಟ ಮೋಟರುಗಳು ಬೈಕಿನ ಹಿಂದೆ ಕಟ್ಟಿಸಿಕೊಂಡು ಬರುತ್ತವೆ, ಒಮ್ಮೊಮ್ಮೆ ಅಜ್ಜಂಪುರದ ಕಡೆಯಿಂದಲೂ. ಅಪ್ಪ ಕರಕಲಾದ ತಂತಿ ಬಿಚ್ಚಿ ಹೊಸ ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತ ಸುತ್ತುತ್ತಾರೆ. ಆ ಎಣಿಕೆ ಕೇಳುತ್ತಲೇ ನಾನು ಹೋಂವರ್ಕ್ ಮಾಡಿ ಬೆಳೆದೆ. ಮುಂದೆ ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಹರಳುಗಳ ಹುಚ್ಚು ಹಿಡಿಸಿಕೊಂಡು, ಬರ್ನ್ ನಗರದ ಒಂದು ಪ್ರಯೋಗಾಲಯಕ್ಕೆ ಸೇರಿದೆ.

ನನ್ನ ಕೋಣೆ ನಾಲ್ಕನೇ ಮಹಡಿಯಲ್ಲಿದೆ. ಕಿಟಕಿಯಾಚೆ ಹೆಂಚಿನ ಮಾಡುಗಳು, ಮಾಡುಗಳಾಚೆ ಬರೀ ಮಂಜು. ಮೂರನೆಯ ವಾರ ಒಂದು ಸಂಜೆ ಆ ಮಂಜು ಹರಿದು, ಹಿಮದ ಬೆಟ್ಟಗಳ ಸಾಲಿಗೆ ಸಾಲೇ ಎದುರಿಗೆ ನಿಂತುಬಿಟ್ಟಿತು. ಇಷ್ಟು ದಿನ ಇವು ಇಲ್ಲೇ ಇದ್ದವೇ ಎಂದು ನಾನು ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದುಕೊಂಡು ನಿಂತೆ. ನಮ್ಮ ಎಮ್ಮೆದೊಡ್ಡಿಯ ಕಾವಲಿನಲ್ಲಿ ದೂರದ ಗಿರಿಗಳ ತನಕ ಹುಲ್ಲು ಕಾಣುತ್ತದೆ, ಅಮೃತಮಹಲ್ ದನಗಳ ಕೊಂಬು ಕಾಣುತ್ತದೆ. ಅಲ್ಲಿ ಯಾವುದೂ ಬಚ್ಚಿಟ್ಟುಕೊಳ್ಳುವುದಿಲ್ಲ. ಇಲ್ಲಿ ಒಂದು ಪರ್ವತಶ್ರೇಣಿಯೇ ವಾರಗಟ್ಟಲೆ ಮುಖ ತೋರಿಸದೆ ಇರಬಲ್ಲದು. ಜನರೂ ಹಾಗೆಯೇ ಎಂದು ಆಗ ನನಗೆ ಅನಿಸಿತ್ತು. ‘ಊಟ ಆಯ್ತಾ’ ಎಂದು ದಾರಿಯಲ್ಲಿ ಒಬ್ಬರೂ ಕೇಳುವುದಿಲ್ಲ. ಕೇಳಿಸಿಕೊಳ್ಳುವ ಆಸೆಗೆ ಒಂದು ದಿನ ಕನ್ನಡಿಯ ಮುಂದೆ ನಾನೇ ಕೇಳಿಕೊಂಡು, ನಾನೇ ಆಯಿತೆಂದು ಉತ್ತರ ಕೊಟ್ಟೆ.

ಊಟದ ಕಥೆಯನ್ನೂ ಹೇಳಿಬಿಡುತ್ತೇನೆ. ಇಲ್ಲಿನ ಬೆಟ್ಟದ ಸೀಮೆಯಲ್ಲಿ ರೈ ಎಂಬ ಧಾನ್ಯದಿಂದ ಕಪ್ಪು ರೊಟ್ಟಿ ಮಾಡುತ್ತಾರೆ. ಅದರ ಹಿಟ್ಟಿನ ಬಣ್ಣ ನೋಡಿ ನನಗೆ ಜೀವ ಬಂದಂತಾಯಿತು. ತಂದು, ಎಸರಿಟ್ಟು, ಮರದ ಸೌಟು ಹಾಕಿ ತಿರುವಿದೆ. ಮುದ್ದೆಯಾಗುವ ಬದಲು ಪೋಸ್ಟರು ಅಂಟಿಸುವ ಗೋಂದಾಯಿತು. ಪಾತ್ರೆ ಎರಡು ದಿನ ನೆನೆದರೂ ಬಿಡಲಿಲ್ಲ.

ಇನ್ನು ಕೆಲಸ. ವಿರಳ ಭಸ್ಮ ಧಾತುಗಳ ಹೆಸರನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಮೊಬೈಲಿನಲ್ಲಿ, ಸ್ಪೀಕರಿನ ಅಯಸ್ಕಾಂತದಲ್ಲಿ ಇರುವಂಥವು. ಇವು ಆರ್ಸೆನಿಕ್ ಜೊತೆ ಸೇರಿ ಆಗುವ ಆರ್ಸೆನೇಟ್ ಎಂಬ ಖನಿಜಗಳ ಒಳಗಟ್ಟನ್ನು ನೋಡುವುದು ನನ್ನ ಉದ್ಯೋಗ. ಇದನ್ನು ಫೋನಿನಲ್ಲಿ ಅಮ್ಮನಿಗೆ ವಿವರಿಸಲು ಹೋಗಿ ಸಿಕ್ಕಿಬಿದ್ದೆ.

“ಆರ್ಸೆನಿಕ್ ಅಂದ್ರೆ ಇಲಿ ಪಾಷಾಣ ಅಲ್ವೇನೇ? ಅದನ್ನ ಇಟ್ಕೊಂಡು ಅದೇನ್ ಓದ್ತೀಯೇ ತಾಯಿ!”

“ಹರಳೊಳಗೆ ಕಟ್ಟಾಕಿರ್ತದೆ ಕಣಮ್ಮ, ಏನೂ ಮಾಡಲ್ಲ.”

“ಕಟ್ಟಾಕಿದ್ರೂ ಪಾಷಾಣ ಪಾಷಾಣನೇ. ಕೈ ತೊಳ್ಕೊಂಡು ಉಣ್ಣು.”

ಅಮ್ಮನಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ಈ ಧಾತುಗಳದ್ದು ಹದಿನೈದು ಒಡಹುಟ್ಟಿದವರ ಸಂಸಾರ. ತೂಕ ಏರುತ್ತ ಹೋದಂತೆ ಗಾತ್ರ ಕುಗ್ಗುತ್ತದೆ. ಕೊನೆಯದು ಎಲ್ಲಕ್ಕಿಂತ ಭಾರ, ಎಲ್ಲಕ್ಕಿಂತ ಚಿಕ್ಕದು. ಆರ್ಸೆನೇಟ್ ಹರಳಿನಲ್ಲಿ ಒಂದೊಂದು ಆರ್ಸೆನಿಕ್ಕೂ ನಾಲ್ಕು ಆಕ್ಸಿಜನ್‌ಗಳ ಕೈ ಹಿಡಿದು ನಿಂತಿರುತ್ತದೆ. ಅಂಥ ಗುಂಪುಗಳ ನಡುವೆ ಉಳಿದ ಜಾಗದಲ್ಲಿ ನಮ್ಮ ಧಾತು ಬಂದು ನೆಲೆಸುತ್ತದೆ. ಲ್ಯಾಂಥನಮ್, ಸೀರಿಯಮ್‌ನಂಥ ದೊಡ್ಡದಾದರೆ ಅದಕ್ಕೆ ಸುತ್ತ ಒಂಬತ್ತು ಆಕ್ಸಿಜನ್ ನೆರೆಯವರು ಬೇಕು. ಹರಳು ಕೊಂಚ ವಾಲಿಕೊಂಡು ಬೆಳೆಯುತ್ತದೆ. ಚಿಕ್ಕದಾದರೆ ಎಂಟೇ ಸಾಕು; ಹರಳು ನೆಟ್ಟಗೆ ನಿಲ್ಲುತ್ತದೆ. ಆರ್ಸೆನಿಕ್ಕಿನ ಜಾಗದಲ್ಲಿ ರಂಜಕ ಕೂತರೆ ಅದು ಫಾಸ್ಫೇಟ್. ಮನೆ ತುಸು ಇಕ್ಕಟ್ಟು, ಆದರೆ ಸೀರಿಯಮ್‌ಗೆ ಅಲ್ಲಿಯೂ ಒಂಬತ್ತೇ ನೆರೆ. ಸೀರಿಯಮ್ ಆರ್ಸೆನೇಟಿಗೆ ಗ್ಯಾಸ್ಪರೈಟ್ ಎಂದು ಹೆಸರು, ಬಹಳ ಅಪರೂಪದ್ದು. ಸೀರಿಯಮ್ ಫಾಸ್ಫೇಟಿಗೆ ಮೊನಜೈಟ್ ಎಂದು ಹೆಸರು. ಅದು ಕೇರಳದ ಕಡಲತೀರದ ಮರಳಿನಲ್ಲಿ ಬೇಕಾದಷ್ಟಿದೆ. ಚೂರು ಸಣ್ಣದಾಗಿದ್ದರೆ ಬರಿಗಣ್ಣಿಗೆ ಇದು ಅದೋ ಅದು ಇದೋ ತಿಳಿಯುವುದಿಲ್ಲ.

ಆಲ್ಬಿನ್ ಅವರ ಪರಿಚಯವಾದದ್ದು ಇದೇ ಅಪರೂಪದ ಗ್ಯಾಸ್ಪರೈಟಿನ ದೆಸೆಯಿಂದ. ಇಟಲಿಯ ಗಡಿಗೆ ಅಂಟಿದ ಬಿನ್ ಎಂಬ ಕಣಿವೆಯಲ್ಲಿ ಅವರ ಮನೆ. ಎಂಬತ್ತು ದಾಟಿದ ಶ್ಟ್ರಾಲರ್ ಅವರು. ಬೆಟ್ಟದ ಬಿರುಕುಗಳಲ್ಲಿ ಹರಳು ಹುಡುಕುವುದನ್ನೇ ಕಸುಬು ಮಾಡಿಕೊಂಡವರನ್ನು ಇಲ್ಲಿ ಹಾಗೆನ್ನುತ್ತಾರೆ. ಬೇಸಿಗೆಯಲ್ಲಿ ನಮ್ಮ ವಿಭಾಗದ ಮೇಡಂ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಹಳದಿ ಬಸ್ಸು ಪ್ರತಿ ತಿರುವಿನಲ್ಲೂ ಮೂರು ಸ್ವರದಲ್ಲಿ ಹಾರನ್ ಹೊಡೆಯುತ್ತ ಹತ್ತುತ್ತದೆ. ನಮ್ಮ ಕಡೂರಿನ ಬಸ್ಸಿನ ಹಾರನ್ನು ಬೈದ ಹಾಗಿರುತ್ತದೆ, ಇದು ಹಾಡಿದ ಹಾಗಿತ್ತು. ಹುಲ್ಲಿನ ಇಳಿಜಾರಿನಲ್ಲಿ ಗಂಟೆ ಕಟ್ಟಿದ ದನಗಳಿದ್ದವು. ಬಸ್ಸಿಳಿದ ಮೇಲೂ ಆ ಗಂಟೆಗಳ ಸದ್ದಿನಲ್ಲಿ ನಾನು ಅರ್ಧ ನಿದ್ದೆಯಲ್ಲಿದ್ದವಳಂತೆ ನಡೆದೆ.

ಮೊದಲ ಮಾತಿಗೇ ಅವರು ತಮ್ಮನ್ನು ಏಕವಚನದಲ್ಲಿ ಕರೆಯಬೇಕೆಂದು ಹೇಳಿದರು. ಬೆಟ್ಟದಲ್ಲಿ ಎಲ್ಲರೂ ‘ನೀನು’ ಅಂತೆ. ಅಜ್ಜನ ವಯಸ್ಸಿನವರನ್ನು ನೀನು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಕೊನೆಗೆ ನಾನು ಕರೆಯುವ ಗೋಜಿಗೇ ಹೋಗದೆ, ಕೆಮ್ಮಿ ಮಾತು ಶುರು ಮಾಡುವುದನ್ನು ರೂಢಿ ಮಾಡಿಕೊಂಡೆ.

ಅವರು ನನ್ನ ಅಂಗೈಗೆ ಒಂದು ಖಾಲಿ ಡಬ್ಬಿ ಇಟ್ಟರು. ಖಾಲಿಯಲ್ಲ ಎಂದು ತಿಳಿಯಲು ಭೂತಗನ್ನಡಿ ಬೇಕಾಯಿತು. ಮೂಲೆಯಲ್ಲಿ ರಾಗಿಕಾಳಿಗಿಂತ ಎಷ್ಟೋ ಸಣ್ಣದಾದ, ಬೆಲ್ಲದ ಬಣ್ಣದ ಒಂದು ಕಣವಿತ್ತು.

“ಇದನ್ನು ಮೊದಲು ಕಂಡದ್ದು ನನ್ನ ಹೆಂಡತಿ,” ಎಂದರು. “ಸಂಗ್ರಹಾಲಯದಿಂದ ಬಂದಿದ್ದವರೊಬ್ಬರು ಮಸೂರ ಹಿಡಿದು ನೋಡಿ, ಮಾಮೂಲಿ ಮೊನಜೈಟ್ ಎಂದರು. ಅವಳು, ಅಲ್ಲ, ಇದು ಆರ್ಸೆನಿಕ್‌ನದು, ಆ ಬಂಡೆಯ ಸುತ್ತ ಇದ್ದದ್ದೆಲ್ಲ ಅದೇ ಎಂದಳು. ಅವರು ನಕ್ಕರು. ಅವಳು ಹೋಗಿ ಆರು ವರ್ಷವಾಯಿತು. ಯಂತ್ರ ಏನು ಹೇಳುತ್ತದೆ ನೋಡು. ಅವಳು ಹೇಳಿದ್ದು ಸರಿಯೋ ತಪ್ಪೋ, ಅಷ್ಟು ಗೊತ್ತಾದರೆ ಸಾಕು.”

ಆ ಕಣವನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ಇರಲಿಲ್ಲ.

ಹರಳಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಯಂತ್ರದ ಸರದಿ ನನಗೆ ಬಂದದ್ದು ಆಯುಧಪೂಜೆಯ ಮಾರನೆಯ ದಿನಕ್ಕೆ. ಪೂಜೆಯ ದಿನ ಬೆಳಿಗ್ಗೆ ಅಪ್ಪ ವಿಡಿಯೋದಲ್ಲಿ ಅಂಗಡಿ ತೋರಿಸಿದರು. ಸ್ಪ್ಯಾನರು, ಸುತ್ತಿಗೆ, ತಂತಿ ಸುತ್ತುವ ಯಂತ್ರ ಎಲ್ಲವೂ ತೊಳೆದು ಒರೆಸಿ, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ನಡುವೆ ಕೂತಿದ್ದವು. ಫೋನಿಟ್ಟು ನೇರ ಲ್ಯಾಬಿಗೆ ನಡೆದೆ. ಲ್ಯಾಬಿನಲ್ಲಿ ಯಾರೂ ಇರಲಿಲ್ಲ, ಮೇಡಂ ರಜೆಯಲ್ಲಿದ್ದರು. ಅಮ್ಮ ಕೊಟ್ಟು ಕಳಿಸಿದ್ದ, ನಮ್ಮ ಕಡೆಯ ದೇವತೆ ಅಂತರಘಟ್ಟಮ್ಮನ ಕುಂಕುಮದ ಡಬ್ಬಿ ಬ್ಯಾಗಿನಲ್ಲೇ ಇತ್ತು. ಅಮ್ಮನದೇ ಹಳೇ ಸೀರೆಯ ಒಂದು ತುಂಡನ್ನು ಒದ್ದೆ ಮಾಡಿಕೊಂಡು ನನ್ನ ಸೂಕ್ಷ್ಮದರ್ಶಕವನ್ನು ಒರೆಸತೊಡಗಿದೆ. ಕಣ್ಣು ಅರ್ಧ ಮುಚ್ಚಿತ್ತು. ಮೂಗಿಗೆ ಅಂಗಡಿಯ ಗ್ರೀಸಿನ ವಾಸನೆ ಬಂದಂತಿತ್ತು, ಅಪ್ಪ ಹಿಂದಿನಿಂದ “ಸಂದಿ ಗೊಂದಿಯೆಲ್ಲ ಒರ್ಸವ್ವ” ಎಂದಂತಿತ್ತು. ಒರೆಸಿದೆ. ಮೂಲೆಯಿಂದ ಮೂಲೆಗೆ, ತಿರುಪಿನಿಂದ ತಿರುಪಿಗೆ, ಗಾಜಿನ ತಟ್ಟೆಯನ್ನೂ ಬಿಡದೆ. ಕುಂಕುಮ ಇಟ್ಟು ಕೈ ಮುಗಿದೆ. ಪೂಜೆಯಾದ ಆಯುಧವನ್ನು ಅಂದು ಮತ್ತೆ ಮುಟ್ಟಬಾರದು. ದೀಪವಾರಿಸಿ ಮನೆಗೆ ಬಂದೆ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಮಾರನೆಯ ಬೆಳಿಗ್ಗೆ ಕಣ್ಣಿಟ್ಟು ನೋಡಿದರೆ ಗಾಜಿನ ತಟ್ಟೆ ಥಳಥಳ ಹೊಳೆಯುತ್ತಿತ್ತು. ಆಲ್ಬಿನ್ ಅವರ ಕಣವನ್ನು ನಾನು ಹಿಂದಿನ ದಿನ, ಒರೆಸುವ ಮೊದಲೇ, ಡಬ್ಬಿಯಿಂದ ತೆಗೆದು ಅದರ ಮೇಲಿಟ್ಟಿದ್ದೆ.

ಮೇಜಿನ ಮೇಲೆ, ನೆಲದ ಮೇಲೆ ಟಾರ್ಚು ಬಿಟ್ಟು ಮಂಡಿಯೂರಿ ಹುಡುಕಿದೆ. ಸಿಗಲಿಲ್ಲ. ಉಳಿದದ್ದು ಒರೆಸಿದ ಬಟ್ಟೆ. ಪೂಜೆಯ ಬಟ್ಟೆಯನ್ನು ಕಸಕ್ಕೆ ಹಾಕಬಾರದೆಂದು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಕುಂಕುಮ ಮೆತ್ತಿ ಅದು ಕೆಂಪಗಾಗಿತ್ತು. ಬಿಳಿ ಬೋಗುಣಿಯಲ್ಲಿ ಅದನ್ನು ಜಾಲಾಡಿ ತೆಗೆದು, ರಾಗಿಯಲ್ಲಿ ಕಲ್ಲು ಬೇರೆ ಮಾಡಲು ಅಮ್ಮ ನೀರು ಹಾಕಿ ಪಾತ್ರೆ ಸುತ್ತಿಸುವಂತೆ ಬೋಗುಣಿಯನ್ನು ಸುತ್ತಿಸಿದೆ. ಹಗುರವಾದದ್ದು ನೀರಿನೊಂದಿಗೆ ಹೋಗುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಎರಡು ಗಂಟೆ ಹೊತ್ತು ಕೆಂಪು ನೀರು ಚೆಲ್ಲಿದ ಮೇಲೆ ತಳದಲ್ಲಿ ಒಂದೇ ಒಂದು ಕಣ ಉಳಿಯಿತು. ಬೆಲ್ಲದ ಬಣ್ಣ. ನಾನು ಒಬ್ಬಳೇ ಗಟ್ಟಿಯಾಗಿ ಅತ್ತೆ.

ಅದನ್ನು ಯಂತ್ರಕ್ಕಿಟ್ಟೆ. ಉತ್ತರ ಬೇಗ ಬಂತು. ಸೀರಿಯಮ್ ಇದೆ, ರಂಜಕ ಇದೆ, ಆರ್ಸೆನಿಕ್ ಇಲ್ಲ. ಮಾಮೂಲಿ ಮೊನಜೈಟ್. ಆ ಅಜ್ಜಿ ಹೇಳಿದ್ದು ತಪ್ಪು ಎಂದು ಬೇಸರವಾಯಿತು. ಇದನ್ನು ಅವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಲೇ ಪರದೆಯ ಉಳಿದ ಸಾಲುಗಳ ಮೇಲೆ ಕಣ್ಣಾಡಿಸಿದೆ. ಮೊನಜೈಟಿನಲ್ಲಿ ಥೋರಿಯಂ ಇರುತ್ತದೆ. ಅದು ಕಾಲ ಕಳೆದಂತೆ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಕೂಡಿದೆ ನೋಡಿದರೆ ವಯಸ್ಸು ತಿಳಿಯುತ್ತದೆ. ಈ ಕಣದಲ್ಲಿ ಸೀಸ ಅತಿಯಾಗಿತ್ತು. ಲೆಕ್ಕ ಹಾಕಿದೆ: ಇನ್ನೂರೈವತ್ತು ಕೋಟಿ ವರ್ಷಕ್ಕೂ ಮೇಲೆ. ಆಲ್ಬಿನ್ ಅವರ ಬೆಟ್ಟದ ಬಿರುಕುಗಳಲ್ಲಿ ಬೆಳೆದ ಹರಳುಗಳು ಒಂದೆರಡು ಕೋಟಿ ವರ್ಷದ ಕೂಸುಗಳು. ಇಷ್ಟು ಮುದಿ ಹರಳು ಆ ಬಿರುಕಿನದ್ದಾಗಿರಲು ಸಾಧ್ಯವಿರಲಿಲ್ಲ. ಇಷ್ಟು ಹಳೆಯ ಬಂಡೆಗಳಿರುವುದು ನಮ್ಮಲ್ಲಿ.

ಅಮ್ಮನಿಗೆ ಫೋನ್ ಮಾಡಿದೆ. ಕುಂಕುಮದಲ್ಲಿ ಮಣ್ಣೇನಾದರೂ ಸೇರಿತ್ತಾ ಎಂದು ಕೇಳಿದೆ.

“ನಿಂಗೆ ಹೇಳಿರ್ಲಿಲ್ಲ ಕಣೇ. ನೀನು ಹೊರಡೋ ದಿನ ಅಂಗಳದಲ್ಲಿ ಡಬ್ಬಿ ಕೈಜಾರಿ ಬಿದ್ದೋಯ್ತು. ಹೊರಡೋ ಹೊತ್ನಲ್ಲಿ ಕುಂಕುಮ ಚೆಲ್ತು ಅಂದ್ರೆ ಮನ್ಸಿಗೆ ಹಚ್ಕೋತೀಯ ಅಂತ, ಎಲ್ಲಾ ಗೋರಿ ತುಂಬ್ಬಿಟ್ಟೆ. ತುಳಿಯೋ ಜಾಗದಲ್ಲಿ ಬಿಡೋಕಾಯ್ತದಾ?”

ಹಾಗೆ ನಮ್ಮ ಅಂಗಳದ ಮಣ್ಣಿನ ಒಂದು ಕಣ ನನಗೆ ತಿಳಿಯದೆ ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಆಲ್ಬಿನ್ ಅವರದು ಕೆಂಪು ನೀರಿನೊಂದಿಗೋ, ನನ್ನ ತೋಳಿನ ಮಡಿಕೆಯಲ್ಲೋ ಹೋಗಿಯಾಗಿತ್ತು.

ಈಗ ನಿಜ ಒಪ್ಪಿಕೊಳ್ಳುತ್ತೇನೆ. ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಈ ಕಣವನ್ನೇ ಡಬ್ಬಿಗೆ ಹಾಕಿ, ‘ಮೊನಜೈಟ್’ ಎಂದು ಬರೆದು ಕೊಟ್ಟರೆ ಮುಗಿಯಿತು. ಬಣ್ಣ ಒಂದೇ, ಗಾತ್ರ ಒಂದೇ, ಒಳಗಿನ ಒಂಬತ್ತು ನೆರೆಯವರೂ ಒಂದೇ. ಸಂಗ್ರಹಾಲಯದವರೂ ಅದನ್ನೇ ಹೇಳಿದ್ದರು. ವಯಸ್ಸಿನ ಲೆಕ್ಕ ನಾನು ಹೇಳದಿದ್ದರೆ ಕೇಳುವವರಿಲ್ಲ. ಹೊಸ ಊರಿನಲ್ಲಿ ಈಗಷ್ಟೇ ಒಂದು ಹೆಸರು ಬರುತ್ತಿತ್ತು, ಅದು ಕೆಡುತ್ತದೆಂಬ ಭಯವೂ ಇತ್ತು. ಆ ದಿನಗಳಲ್ಲಿ ಎಚ್ಚರವೋ ಕನಸೋ ತಿಳಿಯದಂತೆ ಓಡಾಡಿದೆ. ಟ್ರಾಮಿನಲ್ಲಿ ಇಳಿಯುವ ಜಾಗ ಎರಡು ಸಲ ತಪ್ಪಿತು.

ಶನಿವಾರ ಬೆಳಿಗ್ಗೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರ ಹಿಂದೆ ಯಾರದೋ ಮೋಟರು ಟೆಸ್ಟಿಗೆ ಗುಯ್‌ಗುಡುತ್ತಿತ್ತು. ಅದನ್ನು ಆರಿಸಿ ಬಂದರು.

“ನೋಡವ್ವ, ಸುಟ್ಟೋಗಿರೋ ಕಾಯಿಲ್ ಮೇಲೆ ವಾರ್ನಿಷ್ ಬಳ್ದು ಕೊಟ್ಬಿಟ್ರೆ ಅಂಗ್ಡೀಲಿ ಯಾವ ಗಿರಾಕಿಗೂ ಗೊತ್ತಾಗಲ್ಲ. ಮೋಟ್ರು ಬೋರಿಗಿಳಿದ್ಮೇಲೆ ಅದೇ ಹೇಳ್ತದೆ. ಆಮೇಲೆ ಮೇಲೆತ್ತೋದು ಇನ್ನೂ ಕಷ್ಟ. ಇವತ್ತೇ ಹೋಗಿ ಹೇಳ್ಬಿಡು.”

“ಬೈದ್ರೆ?”

“ಬೈಸ್ಕೊ.”

ಮೇಡಂಗೆ ನಡೆದದ್ದನ್ನೆಲ್ಲ ಬರೆದು ಕಳಿಸಿ, ರೈಲು ಹಿಡಿದೆ.

ಬಿನ್‌ನಲ್ಲಿ ಮೊದಲ ಹಿಮ ಹುಡಿಹುಡಿಯಾಗಿ ಬೀಳುತ್ತಿತ್ತು. ಆಲ್ಬಿನ್ ಅವರ ಅಡುಗೆಮನೆಯ ಮೇಜಿನ ಮೇಲೆ ಡಬ್ಬಿ ಇ‌ಟ್ಟು, ಹರುಕು ಜರ್ಮನ್ನಿನಲ್ಲಿ ಆದದ್ದನ್ನು ಆದಂತೆ ಹೇಳಿದೆ. ಪೂಜೆ, ಒದ್ದೆ ಬಟ್ಟೆ, ಬೋಗುಣಿ, ಅಮ್ಮನ ಡಬ್ಬಿ, ಸೀಸ.

“ಹಾಗಾದರೆ ಅವಳು ಹೇಳಿದ್ದು ಸರಿಯೋ ತಪ್ಪೋ?”

“ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ತಪ್ಪು ನನ್ನದು.”

ಅವರು ಎದ್ದು ಕೋಟು ಹಾಕಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಸೌದೆ ಸೀಳುವ ಸದ್ದು ಬಂತು. ಆ ವಯಸ್ಸಿನಲ್ಲಿ ಅಷ್ಟು ಸೌದೆ ಯಾಕೆ ಸೀಳುತ್ತಿದ್ದಾರೆಂದು ನನಗೆ ತಿಳಿದಿತ್ತು. ಎದ್ದು ಹೋಗಿಬಿಡಲೇ ಎಂದುಕೊಂಡೆ. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಹೋಗಲು ಬೇರೆ ಜಾಗವೂ ಇರಲಿಲ್ಲ. ಕಿಟಕಿಯಲ್ಲಿ ಹಿಮ ನೋಡುತ್ತ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಒಳಗೆ ಬಂದವರು ಕೈ ತೊಳೆದು, ಎರಡು ಬಟ್ಟಲು ಸೂಪು ಬಡಿಸಿ, ಒಂದನ್ನು ನನ್ನ ಮುಂದೆ ತಳ್ಳಿದರು.

“ಮೊನಜೈಟ್ ಎಂದು ಹೇಳಿಬಿಡಬಹುದಿತ್ತು.”

“ಹೌದು.”

“ನಾನು ನಂಬುತ್ತಿದ್ದೆ. ಅವಳು ತಪ್ಪು ಎಂದು ತಿಳಿದುಕೊಂಡೇ ಸಾಯುತ್ತಿದ್ದೆ.” ರೊಟ್ಟಿ, ಚಾಕು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು, “ಈಗ ಅವಳು ಸರಿ ಇದ್ದರೂ ಇದ್ದಿರಬಹುದು.”

ಸೂಪಿನ ಮೇಲೆ ನನ್ನ ಕಣ್ಣೀರು ಬಿತ್ತು. ಅವರು ಅದನ್ನು ನೋಡದವರಂತೆ ರೊಟ್ಟಿ ಕೊಯ್ದರು. ಆಮೇಲೆ ಭೂತಗನ್ನಡಿ ತಂದು, ನಮ್ಮ ಅಂಗಳದ ಕಣವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇದು ಹುಟ್ಟಿದಾಗ ಈ ಬೆಟ್ಟಗಳು ಇದ್ದವೇ ಎಂದು ಕೇಳಿದರು. ಇರಲಿಲ್ಲ, ಇವುಗಳ ಸುಳಿವೂ ಇರಲಿಲ್ಲ ಎಂದೆ. ತಲೆದೂಗಿದರು.

“ನನ್ನ ಹರಳುಗಳ ಪೆಟ್ಟಿಗೆಯಲ್ಲಿ ಒಂದು ಮನೆ ಖಾಲಿಯಾಯಿತಲ್ಲ. ಇದನ್ನು ಕೊಡುತ್ತೀಯಾ?”

ನನಗೆ ಕೊಡಲು ಮನಸ್ಸಿರಲಿಲ್ಲ. ಇಡೀ ದೇಶದಲ್ಲಿ ನನ್ನ ಊರಿನದೆಂದು ಇದ್ದದ್ದು ಅದೊಂದೇ. ಅದನ್ನು ಊರಿಗೆ ಒಯ್ದು ಅಮ್ಮನ ಅಂಗೈಗೆ ಇಡಬೇಕೆಂದು ರೈಲಿನಲ್ಲಿ ಆಸೆಪಟ್ಟಿದ್ದೆ. ಕೊಟ್ಟೆ. ಅವರು ಪೆಟ್ಟಿಗೆಯ ಆ ಮನೆಯಲ್ಲಿ ಅದನ್ನು ಇಟ್ಟು, ಹಳೆಯ ಚೀಟಿ ತೆಗೆದು, ಹೊಸ ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದರು. ಸಿಕ್ಕ ಸ್ಥಳ ಎಂಬಲ್ಲಿ ಏನು ಬರೆಯಲಿ, ಸಿಕ್ಕದ್ದು ಬರ್ನ್‌ನಲ್ಲಿ, ಒಂದು ಬೋಗುಣಿಯ ತಳದಲ್ಲಿ ಎಂದೆ.

“ಎಲ್ಲಿ ಸಿಕ್ಕಿತೋ ಅದನ್ನು ಬರೆಯುವುದಿಲ್ಲ. ಯಾವ ನೆಲದ್ದೋ ಅದನ್ನು ಬರೆಯುತ್ತೇವೆ. ನಿನ್ನ ಲಿಪಿಯಲ್ಲೇ ಬರೆ.”

ಪಂಚನಹಳ್ಳಿ, ಕಡೂರು ಎಂದು ಬರೆದೆ. ಮುಚ್ಚಳ ಹಾಕುವಾಗ ಅವರು, ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆ ಆ ಬಂಡೆಯ ಜಾಗ ತೋರಿಸುತ್ತೇನೆ, ನನ್ನ ಮಂಡಿ ಹತ್ತುವುದಿಲ್ಲ, ನೀನು ಹತ್ತಿ ಹುಡುಕು ಎಂದರು. ಆಗಲಿ, ನೀನು ತೋರಿಸು, ನಾನು ಹತ್ತುತ್ತೇನೆ ಎಂದೆ. ಹಾಗೆನ್ನುವಾಗ ಮೊದಲ ಬಾರಿಗೆ ಅವರನ್ನು ‘ನೀನು’ ಎಂದಿದ್ದೆ, ಅದು ನನಗೆ ಗೊತ್ತಾಗಿದ್ದು ಬಸ್ ನಿಲ್ದಾಣಕ್ಕೆ ಬಂದ ಮೇಲೆ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿ, “ಒಳ್ಳೇದಾಯ್ತು ಬಿಡು,” ಎಂದರು. “ಆ ಯಜಮಾನ್ರು ದೊಡ್ ಮನುಷ್ಯ ಕಣವ್ವ. ಈಗ ನಮ್ದು ಅವ್ರ ಪೆಟ್ಗೇಲೈತೆ ಅನ್ನು.”

“ಹೂಂ ಅಪ್ಪ. ಹೆಸ್ರು ಊರು ಎಲ್ಲಾ ಬರ್ದು ಇಟ್ಟವ್ರೆ. ಜ್ವಾಪಾನವಾಗಿ ನೋಡ್ಕೋತಾರೆ.”

“ನೋಡ್ಕೋತಾರೆ, ನೋಡ್ಕೋತಾರೆ.” ಅಪ್ಪ ಹಿಂದಿದ್ದ ಮೋಟರನ್ನು ಆರಿಸಿ ಬಂದರು. “ಇನ್ನು ಅದು ಊರಿಗೆ ಬರಲ್ಲ, ಅಲ್ವೇನವ್ವ?”

“ಬರಲ್ಲ ಕಣಪ್ಪ,” ಎಂದೆ ಸಲೀಸಾಗಿ.

“ಸರಿ ಬಿಡು. ಚಳೀಲಿ ನಿಂತ್ಕೋಬೇಡ,” ಎಂದು ಫೋನ್ ಇಟ್ಟರು. ಅಪ್ಪ ಕೇಳಿದ್ದು ಆ ಕಣದ ವಿಷಯವನ್ನಲ್ಲ ಎಂದು ನನಗೆ ಹೊಳೆದದ್ದು ಬಸ್ಸು ಹತ್ತಿ ಕೂತ ಮೇಲೆ.